ರೊಟ್ಟಿಗೆ ಜೋಲಿ ಕಟ್ಟಿದ ಸಭೆ

ಚಿನ್ನೂ, ಪುಟ್ಟೀ, ನಾಲ್ಕು ಜನರೆದುರು ಅಜ್ಜಿಗೆ ಬಾಯಿಯೇ ಬರುವುದಿಲ್ಲ ಎಂದು ನಗುತ್ತೀರಲ್ಲ, ಒಂದು ಸಲ ಬಂದಿತ್ತು. ಈ ಹಾಳೆಗಳಲ್ಲಿ ಬರೆದಿಡುತ್ತಿದ್ದೇನೆ, ಓದಿ.

ಜಗಳೂರಿನಲ್ಲಿ ನಾವೊಂದಷ್ಟು ಹೆಂಗಸರು ಗುಂಪು ಕಟ್ಟಿಕೊಂಡು ಗರಿಗರಿಯಾಗಿ ಒಣಗಿಸಿದ ಜೋಳದ ಕಟಕ್ ರೊಟ್ಟಿ ಮಾಡಿ, ಚನ್ನಗಿರಿಯ ಖಾನಾವಳಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದೆವು. ತಲುಪುವಷ್ಟರಲ್ಲಿ ಅರ್ಧ ಪುಡಿಯಾಗಿರುತ್ತಿತ್ತು. "ಇನ್ನೊಂದ್ಸಲ ಪುಡಿ ಬಂದ್ರೆ ನಮಗೆ ಬ್ಯಾಡ್ರಿ" ಎಂದು ಖಾನಾವಳಿಯವರು ಫೋನಿನಲ್ಲಿ ಹೇಳಿಬಿಟ್ಟರು. ಆ ಗಿರಾಕಿ ಹೋದರೆ ನಮ್ಮ ಒಲೆಗಳು ಆರಿದಂತೆಯೇ.

ಗುಂಪಿನ ಅಧ್ಯಕ್ಷೆ ಜಮಖಾನ ಹಾಸಿ ಸಭೆ ಕರೆದರು. "ಏನ್ ಮಾಡಾಣ, ಹೇಳ್ರಿ." ಎಲ್ಲರೂ ಜಮಖಾನದ ದಾರ ಎಳೆಯುತ್ತ ಕೂತೆವು. ನಮ್ಮಲ್ಲಿ ಒಂದೇ ಮನೆಯ ಅತ್ತೆ, ಸೊಸೆ ಇದ್ದರು. ಸೊಸೆ ಧೈರ್ಯ ಮಾಡಿ "ಪೆಟ್ಟಿಗೇಲಿ..." ಎನ್ನುವಷ್ಟರಲ್ಲೇ ಅತ್ತೆ "ಅದು ಆಗಲ್ಲ" ಎಂದರು. ನಾನಂತೂ ಸೆರಗಿನ ಅಂಚು ನೋಡುತ್ತ ಕುಳಿತಿದ್ದೆ. ಚಹಾ ಕುಡಿದು ಎದ್ದೆವು.

ಮರುದಿನ ರೊಟ್ಟಿ ಬಡಿಯಲು ಕೂತದ್ದೇ ತಡ, ಎಲ್ಲರಿಗೂ ಮಾತೇ ಮಾತು. ಕೈ ಹಿಟ್ಟಿನಲ್ಲಿ, ಮುಖ ಒಲೆಯ ಕಡೆಗೆ. ಟಪಟಪ ಸದ್ದಿನಲ್ಲಿ ಯಾರ ಮಾತು ಯಾರದೋ. ಅಧ್ಯಕ್ಷೆ ಅದನ್ನು ಗಮನಿಸಿದರು.

"ಸಭೆ ಇಲ್ಲೇ ಮಾಡಾಣ. ಆದ್ರೆ ಕೈಯಾಗಿನ ರೊಟ್ಟಿ ಹಂಚಿಗೆ ಬೀಳೋ ತನಕ ಯಾರೂ 'ಆಗಲ್ಲ' ಅನ್ನಂಗಿಲ್ಲ."

"ಪೆಟ್ಟಿಗೇಲಿ ಹೊಟ್ಟು ತುಂಬಾಣ" ಎಂದಳು ಸೊಸೆ. ಅತ್ತೆಯ ತುಟಿ ಅಲುಗಿತು. ಆದರೆ ಅವರ ರೊಟ್ಟಿ ಇನ್ನೂ ಅಂಗೈಯಗಲ.

"ಹೊಟ್ಟು ಬ್ಯಾಡ, ಹಳೇ ಸೀರೆ ಸುತ್ರಿ" ಎಂದರು ಇನ್ನೊಬ್ಬರು.

"ಸುತ್ತಿದ್ರೆ ಬಸ್ಸು ಕುಣಿಯೋದು ಬಿಡ್ತೈತಾ?" ಎಂದರು ಅಧ್ಯಕ್ಷೆ.

ನನಗೇ ಗೊತ್ತಿಲ್ಲದೆ ಮಾತು ಹೊರಬಿತ್ತು: "ಹಂಗಾದ್ರೆ ಕೂಸಿನಂಗೆ ಜೋಲಿ ಕಟ್ಟಿ ತೂಗಾಣ."

ನಕ್ಕೂ ನಕ್ಕೂ ಹಂಚಿನ ಮೇಲಿದ್ದವೆಲ್ಲ ಸೀದು ಹೋದವು. ಅಷ್ಟರಲ್ಲಿ ಅತ್ತೆಯ ರೊಟ್ಟಿ ಹಂಚಿಗೆ ಬಿತ್ತು. ಎಲ್ಲರೂ ಅವರ ಬಾಯಿ ನೋಡಿದೆವು.

"ಆಗ್ತೈತೆ ಬಿಡೇ" ಎಂದರು. "ಕೂಸು ಮಲಗಿಸಾಕೆ ನನಗೆ ಬರಲ್ವಾ? ಗಂಟು ನಾನೇ ಹಾಕ್ತೀನಿ."

ಸೊಸೆ ಹೇಳಿದ ಹೊಟ್ಟು ಕೆಳಗೆ, ರೊಟ್ಟಿ ನಡುವೆ, ಸುತ್ತ ನನ್ನ ಹಳೆಯ ಸೀರೆ. ಬಸ್ಸಿನೊಳಗೆ ಮೇಲಿನ ಕಂಬಿಗೆ ಜೋಲಿ ಕಟ್ಟಿ, ಅತ್ತೆ ಮತ್ತು ನಾನು ಪಕ್ಕದಲ್ಲಿ ಕೂತೆವು. ಬಿಳಿಚೋಡು ದಾಟುವಾಗ ಬಸ್ಸು ಕುಣಿಯಿತು, ಜೋಲಿ ಸುಮ್ಮನೆ ತೂಗಿತು.

"ಕೂಸು ಅಳೋದೇ ಇಲ್ವಲ್ಲಮ್ಮ, ಎಷ್ಟು ತಿಂಗಳು?" ಎಂದ ಕಂಡಕ್ಟರ್.

"ಬೆಳಿಗ್ಗೆ ಹುಟ್ಟೈತಪ್ಪ" ಎಂದರು ಅತ್ತೆ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಮತ್ತೆ ಕಟ್ಟಿದೆವು. ಚನ್ನಗಿರಿಯಲ್ಲಿ ಗಂಟು ಬಿಚ್ಚಿದಾಗ ಮುರಿದದ್ದು ಒಂದೇ ರೊಟ್ಟಿ. ಖಾನಾವಳಿಯವರು ಅದನ್ನೇ ತಿನ್ನುತ್ತ, "ನಾಳೆನೂ ಕಳಿಸ್ರಿ" ಎಂದರು.

ಮಕ್ಕಳೇ, ಈ ಹಾಳೆಗಳೂ ಹಳತಾದರೆ ರೊಟ್ಟಿಯಂತೆ ಮುರಿಯುವ ಜಾತಿಯವೇ. ಮಡಚಬೇಡಿ. ಟ್ರಂಕಿನಲ್ಲಿ ಆ ಸೀರೆ ಇನ್ನೂ ಇದೆ, ಅದರೊಳಗೇ ಮಲಗಿಸಿಡಿ.