ಚಿಲಕನಿಗೆ ಎಷ್ಟು ಅಂಕ

ತಕ್ಕಡಿ ರಿಪೇರಿಯವನ ಬಾಯಿಗೆ ಬೀಳದೆ ಆ ಬೀದಿಯನ್ನು ದಾಟಿದವರು ಯಾರೂ ಇರಲಿಲ್ಲ. ಎಂಟಡಿ ಅಗಲದ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಕೂತ ಹಿತ್ತಾಳೆಯ ತೂಕದ ಕಲ್ಲುಗಳು, ಅವನ್ನು ಎತ್ತಲು ಒಂದು ಚಿಮಟ. ಕೈಬೆವರು ತಾಗಿದರೂ ಕಲ್ಲು ಸುಳ್ಳು ಹೇಳಲು ಕಲಿಯುತ್ತದೆ ಎಂದು ಅವನು ನಂಬಿದ್ದ. ಮನುಷ್ಯರಂತೂ ಹುಟ್ಟುವಾಗಲೇ ಕಲಿತು ಬಂದಿರುತ್ತಾರೆ ಎಂಬುದು ಅವನ ಎರಡನೆಯ ನಂಬಿಕೆ. ಎದುರಿನ ಡಾಕ್ಟರು ಅವನ ಲೆಕ್ಕದಲ್ಲಿ ಮಾತ್ರೆ ಮಾರುವ ದಲ್ಲಾಳಿ, ಪಕ್ಕದ ದರ್ಜಿ ಬಟ್ಟೆಯ ಮೇಲೆ ಸೇಡು ತೀರಿಸಿಕೊಳ್ಳುವವನು, ಮೂಲೆಯ ಮೇಷ್ಟ್ರು ಬಾಯಿಪಾಠ ಮರೆತ ಗಿಳಿ.

ಆದರೆ ಇವರೆಲ್ಲ ಚಿಲ್ಲರೆ. ಅವನ ತಿರಸ್ಕಾರದ ದೊಡ್ಡ ಗಂಟು ಮೀಸಲಾಗಿದ್ದದ್ದು ಒಬ್ಬನೇ ಒಬ್ಬನಿಗೆ. ಅವನೇ ಚಿಲಕ.

ಚಿಲಕ ಎಂದರೆ ಗಿರಣಿಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್, ಊರಿನವರ ಬಾಯಲ್ಲಿ ‘ಗೋಲಿ’. ನಲವತ್ತು ವರ್ಷದ ಹಿಂದೆ ಅವನು ಗೋಲಿನ ಮುಂದೆ ನಿಂತರೆ ಜನ ‘ಚಿಲಕ ಬಿತ್ತು, ಚಿಲಕ ಬಿತ್ತು’ ಎಂದು ಕೂಗುತ್ತಿದ್ದರು. ಒಂಬತ್ತು ವರ್ಷ ಆಡಿದ. ಒಂದು ನೆಗಡಿ ಇಲ್ಲ, ಒಂದು ಉಳುಕಿಲ್ಲ. ಆ ಒಂಬತ್ತೂ ವರ್ಷ ಅದೇ ತಂಡದ ಎರಡನೇ ಗೋಲ್‌ಕೀಪರ್ ಆಗಿ ಬೆಂಚಿನ ಮೇಲೆ ಕೂತಿದ್ದವನು ನಮ್ಮ ತಕ್ಕಡಿಯವನು. ಅವನ ಕೆಲಸ ಚಿಲಕನ ಒದ್ದೆ ಗ್ಲೌಸು ಒಣಗಿಸುವುದು. ಚಿಲಕ ಅವನನ್ನು ಕರೆಯುತ್ತಿದ್ದದ್ದೂ ‘ಗ್ಲೌಸು’ ಎಂದೇ.

ಒಂಬತ್ತು ವರ್ಷದಲ್ಲಿ ಅವನು ಆಡಿದ್ದು ಒಟ್ಟು ಹನ್ನೊಂದು ನಿಮಿಷ. ಚಿಲಕನ ಕಣ್ಣಿಗೆ ಹುಳ ಬಿದ್ದಿತ್ತು, ಇವನನ್ನು ಇಳಿಸಿದರು. ತಂಡ ನಾಲ್ಕು ಗೋಲು ಮುಂದಿತ್ತು. ಎದುರಾಳಿಗಳು ಆಸೆ ಬಿಟ್ಟು ಸುಮ್ಮನೆ ನಡೆದಾಡುತ್ತಿದ್ದರು. ಹನ್ನೊಂದು ನಿಮಿಷದಲ್ಲಿ ಚೆಂಡು ಒಮ್ಮೆಯೂ ಇವನತ್ತ ಬರಲಿಲ್ಲ. ಆಮೇಲೆ ಗಿರಣಿ ಮುಚ್ಚಿತು, ತಂಡ ಚದುರಿತು. ತಾನು ಒಳ್ಳೆಯ ಗೋಲಿಯೋ ಕೆಟ್ಟ ಗೋಲಿಯೋ ಎಂಬುದು ಊರಿಗಿರಲಿ, ಅವನಿಗೇ ಗೊತ್ತಾಗಲಿಲ್ಲ. ಊರಿನ ಕಲ್ಲನ್ನೆಲ್ಲ ತೂಗಿದವನು ತಾನು ಮಾತ್ರ ತಕ್ಕಡಿ ಹತ್ತಲೇ ಇಲ್ಲ. ಈ ಉರಿಯನ್ನು ಅವನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಅದರ ಬದಲು ಎಲ್ಲರನ್ನೂ ಬೈಯುತ್ತಿದ್ದ.

ಅವನ ತಂಗಿಯ ಮಗಳು ವಿಡಿಯೋ ಗೇಮ್ ಮಾಡುವ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಒಂದು ಸೋಮವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತಂದು ಕಲ್ಲಿನ ಪೆಟ್ಟಿಗೆಯ ಪಕ್ಕ ಇಟ್ಟಳು.

“ಮಾವ, ಹಳೇ ಆಟಗಾರರನ್ನೆಲ್ಲ ಗೇಮಿಗೆ ಸೇರಿಸ್ತಿದೀವಿ. ಒಬ್ಬೊಬ್ಬರಿಗೂ ಓಟಕ್ಕೆ ಇಷ್ಟು, ಜಿಗಿತಕ್ಕೆ ಇಷ್ಟು ಅಂತ ನೂರಕ್ಕೆ ಅಂಕ ಕೊಡ್ಬೇಕು. ನಿಮ್ಮ ಗಿರಣಿ ತಂಡದ ಎರಡು ಪಂದ್ಯದ ವಿಡಿಯೋ ಮಾತ್ರ ಸಿಕ್ಕಿರೋದು. ಅದನ್ನ ನೋಡಿ ನಮ್ಮ ಆಫೀಸಲ್ಲಿ ಚಿಲಕ ಅವರಿಗೆ ಅಂಕ ಹಾಕಿದಾರೆ.”

“ತಲೆ ಬಾಚ್ಕೊಳೋದಕ್ಕೆ ತೊಂಬತ್ತೊಂಬತ್ತು ಹಾಕಿದಾರಾ?”

“ಜಿಗಿತಕ್ಕೆ ನಲವತ್ನಾಲ್ಕು. ಒಟ್ಟು ಅರವತ್ನಾಲ್ಕು. ಎಪ್ಪತ್ತಕ್ಕಿಂತ ಕಡಿಮೆ ಬಂದ್ರೆ ಪಟ್ಟಿಯಿಂದ ಹೊರಗೆ.”

ತಕ್ಕಡಿಯವನ ಕೈಯಲ್ಲಿದ್ದ ಚಿಮಟ ಗಾಳಿಯಲ್ಲೇ ನಿಂತಿತು.

“ಇಪ್ಪತ್ತು ಪಂದ್ಯಕ್ಕಿಂತ ಹೆಚ್ಚು ಕಣ್ಣಾರೆ ನೋಡಿದವರೊಬ್ಬರು ಇದನ್ನ ತಿದ್ದಬಹುದು. ಹುಡುಕಿದ್ವಿ. ಕೆಲವರು ಹೋಗ್ಬಿಟ್ಟಿದಾರೆ, ಕೆಲವರಿಗೆ ನೆನಪೇ ಇಲ್ಲ. ಆಮೇಲೆ ನೀವು ಹೊಳೆದ್ರಿ. ಶುಕ್ರವಾರದೊಳಗೆ ತಿದ್ದಿ. ತಿದ್ದದೇ ಇದ್ರೆ ಈಗಿರೋದೇ ಖಾಯಂ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರೆ. ಇಲ್ಲಿ ಕೋಲು ಎತ್ತುವ ಕಷ್ಟವೂ ಇರಲಿಲ್ಲ. ನಾಲ್ಕು ದಿನ ಸುಮ್ಮನೆ ಕೂತರೆ ಸಾಕು, ಹಾವು ತಾನಾಗಿ ಸಾಯುತ್ತಿತ್ತು. ತಕ್ಕಡಿಯವನು ಆ ದಿನ ಎದುರಿನ ಡಾಕ್ಟರಿಗೂ ನಮಸ್ಕಾರ ಹಾಕಿದ.

ಆದರೆ ಹೊಟ್ಟೆಕಿಚ್ಚಿಗೂ ಒಂದು ಚಪಲ ಇರುತ್ತದೆ. ಬೀಳುವವನ ಮುಖ ನೋಡದೆ ಅದಕ್ಕೆ ತೃಪ್ತಿಯಾಗುವುದಿಲ್ಲ. ಚಿಲಕ ಈಗ ಮೊಳೆ, ತಂತಿ, ಬಣ್ಣದ ಅಂಗಡಿ ಇಟ್ಟಿದ್ದ. ಮೊಳೆ ತೂಗುವ ತಕ್ಕಡಿಗೆ ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಇಷ್ಟು ವರ್ಷ ಇವನು ಆ ಅಂಗಡಿಯ ದಿಕ್ಕಿಗೂ ತಲೆ ಹಾಕಿರಲಿಲ್ಲ. ಮಂಗಳವಾರ ಬೆಳಿಗ್ಗೆ ಕಲ್ಲಿನ ಪೆಟ್ಟಿಗೆ ಎತ್ತಿಕೊಂಡು ಹೊರಟ.

ಚಿಲಕನಿಗೆ ಹೊಟ್ಟೆ ಬಂದಿತ್ತು. ಕೂದಲಿಗೆ ಬಣ್ಣದ ಡಬ್ಬಿಯಷ್ಟೇ ಗಾಢವಾದ ಬಣ್ಣ ಬಂದಿತ್ತು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ತುಂಬ ಅವನದೇ ಫೋಟೋಗಳು.

“ಓ, ಗ್ಲೌಸು! ಇನ್ನೂ ಇದೀಯಾ?”

“ಏನ್ಮಾಡೋದು, ಕರ್ಕೊಂಡು ಹೋಗೋರು ಬಂದಿಲ್ಲ. ತಕ್ಕಡಿ ನೋಡ್ಬೇಕು.”

ಅವನು ತಕ್ಕಡಿಗೆ ಕಲ್ಲು ಏರಿಸುತ್ತಿದ್ದಂತೆ ಚಿಲಕ ಗಿರಾಕಿಯೊಬ್ಬನಿಗೆ ಸೆಮಿಫೈನಲ್ಲಿನ ಕತೆ ಶುರು ಮಾಡಿದ. ಸಾವಿರ ಸಲ ಹೇಳಿ ನುಣುಪಾದ ಕತೆ. “ಚೆಂಡು ಮೂಲೆಗೆ ಹೋಗ್ತಿದೆ ಸ್ವಾಮಿ, ಗೋಲೇ ಆಯ್ತು ಅಂತ ಎಲ್ಲ ಎದ್ದು ನಿಂತಿದಾರೆ. ನಾನು ಹಾರಿದೆ ನೋಡಿ, ಹಕ್ಕಿ ಥರ! ಬೆರಳ ತುದಿಯಿಂದ ಹೀಗೆ...” ಎಂದು ಗಲ್ಲಾಪೆಟ್ಟಿಗೆಯ ಮೇಲೆ ಅರ್ಧ ಮಲಗಿದ. ಗಿರಾಕಿ ಬಾಯಿ ಬಿಟ್ಟುಕೊಂಡು ಮೊಳೆ ಮರೆತ.

ಸುಳ್ಳು! ಅಪ್ಪಟ ಸುಳ್ಳು! ತಕ್ಕಡಿಯವನಿಗೆ ಮೈಯೆಲ್ಲ ಉರಿಯಿತು. ಆ ಪಂದ್ಯದಲ್ಲಿ ಚಿಲಕ ಹಾರಿರಲಿಲ್ಲ. ಯಾವ ಪಂದ್ಯದಲ್ಲೂ ಹಾರುತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಮೂರೋ ನಾಲ್ಕೋ ಸಲ ನೆಲಕ್ಕೆ ಬಿದ್ದಿದ್ದರೆ ಹೆಚ್ಚು. ಆ ದಿನವೂ ಎದುರಾಳಿ ಕಾಲು ಎತ್ತುವ ಮೊದಲೇ ಎಡಕ್ಕೆ ಎರಡು ಹೆಜ್ಜೆ ಇಟ್ಟು ನಿಂತಿದ್ದ, ಚೆಂಡು ಬಂದು ಎದೆಗೆ ಬಡಿದಿತ್ತು. ಯಾರೂ ಎದ್ದು ನಿಂತಿರಲಿಲ್ಲ, ಏಕೆಂದರೆ ಗೋಲಾಗಬಹುದಿತ್ತು ಎಂಬುದೇ ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾದದ್ದು ಬೆಂಚಿನ ಮೇಲಿದ್ದ ಒಬ್ಬನಿಗೆ ಮಾತ್ರ.

ಅದು ಹೇಗೆ ಎಂದು ಪತ್ತೆ ಹಚ್ಚಲು ಇವನಿಗೆ ನಾಲ್ಕು ವರ್ಷ ಹಿಡಿದಿತ್ತು. ಚಿಲಕ ಒದೆಯುವ ಕಾಲನ್ನು ನೋಡುತ್ತಲೇ ಇರಲಿಲ್ಲ. ನೆಲಕ್ಕೆ ಊರಿದ ಇನ್ನೊಂದು ಕಾಲನ್ನು ನೋಡುತ್ತಿದ್ದ. ಒದೆಯುವ ಕಾಲು ಮೋಸ ಮಾಡಬಹುದು, ಊರಿದ ಕಾಲು ಮಾಡಲಾರದು. ಅದರ ಹೆಬ್ಬೆರಳು ತಿರುಗಿದ ಕಡೆಗೇ ಚೆಂಡು. ಈ ಮಹಾಶಯ ಅದನ್ನು ತಿಳಿದು ಮಾಡುತ್ತಿರಲಿಲ್ಲ, ಉಸಿರಾಡಿದ ಹಾಗೆ ಮಾಡುತ್ತಿದ್ದ. ಈಗ ತನ್ನಲ್ಲಿದ್ದ ಚಿನ್ನವನ್ನು ಮರೆತು, ಇಲ್ಲದ ರೆಕ್ಕೆಯ ಬಡಾಯಿ ಕೊಚ್ಚುತ್ತಿದ್ದಾನೆ! ದಡ್ಡ, ಶುದ್ಧ ದಡ್ಡ.

ತಕ್ಕಡಿಯೂ ಯಜಮಾನನ ಹಾಗೇ ಇತ್ತು. ಕಿಲೋಗೆ ನಲವತ್ತು ಗ್ರಾಂ ಕಡಿಮೆ ತೋರಿಸುತ್ತಿತ್ತು. ಗಿರಾಕಿಗೆ ಅಷ್ಟು ಮೊಳೆ ಬಿಟ್ಟಿ ಹೋಗುತ್ತಿತ್ತು.

“ಒಂದು ವಾರ ಬೇಕು” ಎಂದು ತಕ್ಕಡಿಯನ್ನು ಕಂಕುಳಲ್ಲಿ ಇರಿಸಿಕೊಂಡು ಎದ್ದ. “ನಿನ್ನ ಸಾಮಾನಿನ ತೂಕ ನಿನಗೇ ಗೊತ್ತಿಲ್ಲ ಮಾರಾಯ.”

ಗುರುವಾರದವರೆಗೆ ಸುಮ್ಮನಿದ್ದ. ಸುಮ್ಮನಿದ್ದ ಎಂದರೆ ಊಟದಲ್ಲಿ ಉಪ್ಪಿಲ್ಲ ಎಂದ, ಇದ್ದರೆ ಹೆಚ್ಚಾಯಿತು ಎಂದ, ಫ್ಯಾನು ಸದ್ದು ಮಾಡುತ್ತದೆ ಎಂದ, ಆರಿಸಿದರೆ ಸೆಕೆ ಎಂದ. ಹೆಂಡತಿ ಮೂವತ್ತೈದು ವರ್ಷದಿಂದ ಇಂಥ ಮಳೆಗೆ ಕೊಡೆ ಹಿಡಿದವಳು. ಬಟ್ಟೆ ಮಡಚುತ್ತಲೇ ಕೇಳಿದಳು, “ಏನಾಗಿದೆ ನಿಮಗೆ?”

ಅವನು ಹೇಳಿದ. ಅವಳು ಪೂರ್ತಿ ಕೇಳಿದಳು.

“ಅದಕ್ಯಾಕೆ ಇಷ್ಟು ಒದ್ದಾಟ? ನೀವೇನೂ ಮಾಡೋದೇ ಬೇಡವಲ್ಲ. ಸುಮ್ನೆ ಕೂತಿರಿ. ಕೂತಿರೋದು ನಿಮಗೆ ಚೆನ್ನಾಗಿ ಬರುತ್ತೆ.”

ಹೇಳಿ ಅವಳು ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ಮಾತು ಅವನಿಗೆ ಎದೆಯ ಮೇಲೆ ಕಲ್ಲಿಟ್ಟ ಹಾಗಾಯಿತು. ಸಂಕಟವಾಯಿತು, ನಾಚಿಕೆಯೂ ಆಯಿತು. ಮೂವತ್ತು ವರ್ಷ ಯಾವ ಅಂಗಡಿಯವನಿಗೂ ಒಂದು ಗ್ರಾಮಿನ ಸುಳ್ಳಿಗೆ ಮುದ್ರೆ ಒತ್ತಿದವನಲ್ಲ ಅವನು. ಕಣ್ಣೆದುರು ಅಂಕದ ಇಷ್ಟು ದೊಡ್ಡ ಸುಳ್ಳಿದೆ. ಅದಕ್ಕೆ ಸುಮ್ಮನಿದ್ದೇ ಮುದ್ರೆ ಒತ್ತುವುದೇ?

ತಂಗಿಯ ಮಗಳ ಲ್ಯಾಪ್‌ಟಾಪ್ ತರಿಸಿಕೊಂಡು ಊಟದ ಮೇಜಿನ ಮೇಲೆ ಇಟ್ಟುಕೊಂಡ. ಒಂದು ಬೆರಳಲ್ಲಿ ಒತ್ತಿದ. ಜಿಗಿತ ನಲವತ್ನಾಲ್ಕು ಎಂದಿತ್ತು. ಮುಟ್ಟಲಿಲ್ಲ, ಅದು ಸತ್ಯ. ‘ನಿಲ್ಲುವ ಜಾಗ’ ಎಂಬಲ್ಲಿ ಐವತ್ತೆಂಟು ಇತ್ತು, ತೊಂಬತ್ತಾರು ಮಾಡಿದ. ‘ಮುಂದಾಗುವುದನ್ನು ಊಹಿಸುವುದು’ ಎಂಬಲ್ಲಿ ಅರವತ್ತು ಇತ್ತು, ತೊಂಬತ್ತೇಳು ಮಾಡಿದ. ಒಟ್ಟು ಎಂಬತ್ತೊಂದಕ್ಕೆ ಏರಿತು. ಕಾರಣ ಬರೆಯಿರಿ ಎಂದಿತು ಯಂತ್ರ. ‘ಹಾರುವವನನ್ನು ನಿಮ್ಮವರು ಒಳ್ಳೆಯ ಗೋಲಿ ಅಂದುಕೊಂಡಿದ್ದಾರೆ. ಹಾರುವವನು ತಡವಾಗಿ ಎಚ್ಚರಾದವನು. ಇವನು ಮೊದಲೇ ಅಲ್ಲಿರುತ್ತಿದ್ದ. ಮನುಷ್ಯ ಅಹಂಕಾರಿ, ಬಾಯಿಬಡುಕ, ನನ್ನ ಹೆಸರು ಕೂಡ ಅವನಿಗೆ ಗೊತ್ತಿಲ್ಲ. ಆದರೆ ಇವನಂಥ ಗೋಲಿಯನ್ನು ನಾನು ಕಂಡಿಲ್ಲ’ ಎಂದು ಬರೆದ. ಎಲ್ಲಿಂದ ನೋಡಿದಿರಿ ಎಂಬ ಪ್ರಶ್ನೆಗೆ ‘ಬೆಂಚಿನಿಂದ, ಒಂಬತ್ತು ವರ್ಷ’ ಎಂದು ತುಂಬಿದ.

ಮುಂದಿನ ವಾರ ರಿಪೇರಿಯಾದ ತಕ್ಕಡಿ ಕೊಡಲು ಹೋದಾಗ ಚಿಲಕ ಕೆಂಡವಾಗಿದ್ದ. ಕಂಪನಿಯಿಂದ ಅಂಕದ ಪಟ್ಟಿ ಬಂದಿತ್ತು.

“ನೋಡೋ ಗ್ಲೌಸು, ಜಿಗಿತಕ್ಕೆ ನಲವತ್ನಾಲ್ಕು! ನನಗೆ! ಯಾವನೋ ಹೊಟ್ಟೆಕಿಚ್ಚಿನವನು ಕೊಟ್ಟಿದಾನೆ. ಕೈಗೆ ಸಿಗಲಿ, ಹಲ್ಲುದುರಿಸ್ತೀನಿ.”

“ನಿಲ್ಲೋ ಜಾಗಕ್ಕೆ ಎಷ್ಟಿದೆ?”

“ತೊಂಬತ್ತಾರಂತೆ. ನಿಲ್ಲೋದಕ್ಕೆ ಯಾವ ಸೀಮೆ ಅಂಕ? ಲೈಟ್ ಕಂಬಾನೂ ನಿಲ್ಲುತ್ತೆ!”

ತಕ್ಕಡಿಯವನು ಕಲ್ಲು ಇಟ್ಟು ತೋರಿಸಿದ. ಮುಳ್ಳು ಸರಿಯಾಗಿ ಒಂದು ಕಿಲೋದ ಮೇಲೆ ನಿಂತಿತು.

ಕೆಲವು ತಿಂಗಳ ಮೇಲೆ ಗೇಮ್ ಹೊರಬಂತು. ಭಾನುವಾರ ಬೆಳಿಗ್ಗೆ ತಂಗಿಯ ಮಗಳು ಬಂದು ಟಿವಿಗೆ ತಂತಿ ಸಿಕ್ಕಿಸಿದಳು. ತೆರೆಯ ಮೇಲೆ ತೆಳ್ಳಗಿನ ಚಿಲಕ ಗೋಲಿನ ಮುಂದೆ ನಿಂತಿದ್ದ. ಚೆಂಡು ಬಂದಾಗಲೆಲ್ಲ ಅವನ ಎದೆಗೇ ಬಂದು ಬಡಿಯುತ್ತಿತ್ತು.

“ಥೂ, ಬೋರು. ಒಂದ್ಸಲಾನೂ ಹಾರಲ್ಲ” ಎಂದಳು ಹುಡುಗಿ. ಆಮೇಲೆ, “ಮಾವ, ತಂಡದ ಪಟ್ಟಿಲಿ ನಿಮ್ಮ ಹೆಸರೂ ಇತ್ತು, ಬೆಂಚಿಗೆ ಹಾಕಿದೀವಿ. ಆದ್ರೆ ನಿಮ್ಮ ಆಟ ನೋಡಿದವರು ಯಾರೂ ಸಿಗ್ಲಿಲ್ಲ. ಹಾಗಾದಾಗ ಕಂಪ್ಯೂಟರು ಎಲ್ಲಾದಕ್ಕೂ ಐವತ್ತು ತುಂಬಿಬಿಡುತ್ತೆ.”

ಐವತ್ತು. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ; ಗೊತ್ತಿಲ್ಲ ಎಂಬುದಕ್ಕೆ ಹಾಕಿದ ಅಂಕ. ಬೇರೆ ದಿನವಾಗಿದ್ದರೆ ಅವನು ಕಂಪ್ಯೂಟರಿನ ಏಳು ತಲೆಮಾರನ್ನು ತೂಗುತ್ತಿದ್ದ. ಈಗ ತೆರೆಯ ಮೇಲಿನ ಬೆಂಚಿನ ಸಾಲಿನಲ್ಲಿ ತನ್ನ ಹೆಸರು ಹುಡುಕಿದ.

“ನಿಮ್ಮನ್ನ ಇಳಿಸ್ಲಾ ಮಾವ?”

“ಇಳಿಸು.”

ಚಿಲಕ ಹೊರಗೆ ಹೋದ. ಇವನ ಗೊಂಬೆ ಬಂದು ನಿಂತಿತು. ಎದುರಾಳಿ ಓಡಿ ಬಂದ. ಆ ಗೊಂಬೆಗಳನ್ನು ನಿಜವಾದ ಆಟಗಾರರ ಮೈಯ ಚಲನೆಯಿಂದಲೇ ಮಾಡಿದ್ದರು. ಊರಿದ ಕಾಲು ಊರಿದ ಕಾಲಿನ ಹಾಗೆಯೇ ಇತ್ತು.

“ಎಡಕ್ಕೆ!” ಎಂದು ತಕ್ಕಡಿಯವನು ಕೂಗಿದ. ಚೆಂಡಿಗೆ ಇನ್ನೂ ಕಾಲು ತಾಗಿರಲಿಲ್ಲ.

ಚೆಂಡು ಎಡಕ್ಕೇ ಹೋಯಿತು. ಐವತ್ತರ ಗೊಂಬೆ ಬಲಕ್ಕೆ ಬಹಳ ಚೆಂದವಾಗಿ ಹಾರಿತು. ಗೋಲು.

ಹುಡುಗಿ ತಿರುಗಿ ನೋಡಿದಳು. “ಹೇಗೆ ಗೊತ್ತಾಯ್ತು?”

“ಇನ್ನೊಂದು ಒದೆಸು.”

“ಬಲಕ್ಕೆ” ಎಂದ, ಬಲಕ್ಕೆ ಹೋಯಿತು. “ನಡುವೆ” ಎಂದ, ನಡುವೆ ಹೋಯಿತು. ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. “ಎಡಕ್ಕೆ, ಕೆಳಗೆ” ಎಂದ. ಎಡಕ್ಕೆ, ಕೆಳಗೆ ಹೋಯಿತು. ಗೊಂಬೆ ಪ್ರತಿ ಸಲವೂ ತಪ್ಪು ಕಡೆಗೆ ಹಾರಿ ಹಾರಿ ಬಿದ್ದಿತು. ಎಂಟು ಗೋಲು ಆಯಿತು. ಎಂಟನ್ನೂ ಅವನು ಮೊದಲೇ ಹೇಳಿದ್ದ.

ಅವನ ಕಣ್ಣಲ್ಲಿ ನೀರು ತುಂಬಿತು. ಅವನಿಗೆ ಆದದ್ದು ಖುಷಿ. ಅರವತ್ನಾಲ್ಕನೇ ವಯಸ್ಸಿಗೆ, ಮನೆಯ ಕುರ್ಚಿಯ ಮೇಲೆ ಕೂತು, ತಾನು ಎಂಥ ಗೋಲಿ ಎಂದು ಅವನಿಗೆ ಗೊತ್ತಾಗಿತ್ತು.

“ನಿಮ್ಮ ಅಂಕ ತಿದ್ದಿಸ್ತೀನಿ ಮಾವ” ಎಂದಳು ಹುಡುಗಿ. “ಇಪ್ಪತ್ತು ಪಂದ್ಯ ನೋಡಿದ ಸಾಕ್ಷಿ ಒಬ್ಬರು ಬೇಕು ಅಷ್ಟೇ.”

“ಎಲ್ಲಿಂದ ತರ್ತೀಯ? ಆಡಿದ್ದೇ ಹನ್ನೊಂದು ನಿಮಿಷ.”

ಹೆಂಡತಿ ಬಂದು ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಅವಳು ಈ ಸಲ ಚುಚ್ಚಲಿಲ್ಲ.

“ಒದೆಸ್ತಾ ಇರು” ಎಂದಳು ಹುಡುಗಿಗೆ. “ನಾನು ನೋಡ್ತಾ ಇದೀನಿ.”