ದೊಡ್ಡಾಯಿಯ ದನಿ

ನನ್ನ ಅಜ್ಜಿಯ ಅಕ್ಕ ಮೂಕಿ ಚಿತ್ರಗಳ ಕಾಲದಲ್ಲಿ ಮುಂಬಯಿಯಲ್ಲಿ ನಾಯಕಿಯಾಗಿದ್ದಳು. ನಮಗವಳು ದೊಡ್ಡಾಯಿ. ಚಿತ್ರಗಳು ಮಾತಾಡತೊಡಗಿದಾಗ ಅವಳನ್ನು ಮೈಕಿನ ಮುಂದೆ ನಿಲ್ಲಿಸಿ ದನಿ ಪರೀಕ್ಷಿಸಿದರು. ಅವಳ ಹಿಂದಿಯಲ್ಲಿ ಬೀದರಿನ ಎಳೆತ ಕೇಳಿ ಎಲ್ಲರೂ ನಕ್ಕರಂತೆ. ಕೊನೆಗೆ ಸಿಕ್ಕಿದ್ದು ಒಂದು ಮೂಗಿಯ ಪಾತ್ರ. ಆಮೇಲೆ ಯಾರೂ ಕರೆಯಲಿಲ್ಲ. ಸಿನಿಮಾದಲ್ಲಿ ಕುಣಿದವಳೆಂದು ರಾಜೇಶ್ವರದ ತವರಿನವರು ಬಾಗಿಲು ತೆರೆಯಲಿಲ್ಲ. ಹುಮನಾಬಾದಿನಲ್ಲಿದ್ದ ನಮ್ಮಜ್ಜಿಯೇ ಅವಳನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಳು.

ನಾನು ಕಾಲೇಜಿನಲ್ಲಿದ್ದಾಗ ದೊಡ್ಡಾಯಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದ ನನ್ನ ಕೈ ತಡೆದು, "ಖರೇ ಹೇಳವ್ವ, ನನ್ನ ದನಿ ಅಷ್ಟು ಖರಾಬ್ ಅದ ಏನು?" ಎಂದು ಕೇಳಿದಳು.

"ಇಲ್ಲ ದೊಡ್ಡಾಯಿ, ಭಾಳ ಚಂದ ಅದರಿ," ಎಂದೆ.

ಅವಳು ನಂಬಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಆ ವಾರವೇ ಹೋದಳು.

ಈಗ ನಾನಿರುವುದು ಬಸವಕಲ್ಯಾಣದಲ್ಲಿ. ಮೊನ್ನೆ ಮಗಳು ಮೊಬೈಲಿನಲ್ಲಿ ಒಂದು ಹಳೆಯ ಮೂಕಿ ಚಿತ್ರದ ತುಣುಕು ಹುಡುಕಿ ತೋರಿಸಿದಳು. ಹರೆಯದ ದೊಡ್ಡಾಯಿ ಬಾವಿಕಟ್ಟೆಯ ಮೇಲೆ ಕೂತು ಗೆಳತಿಯೊಂದಿಗೆ ನಗುನಗುತ್ತ ಮಾತಾಡುತ್ತಿದ್ದಳು.

"ಆಕಿ ದನಿ ಹ್ಯಾಂಗಿತ್ತವ್ವ?" ಎಂದು ಮಗಳು ಕೇಳಿದಳು.

ಹೇಳಲು ಬಾಯಿ ತೆರೆದೆ. ಎಷ್ಟು ನೆನೆದರೂ ಆ ದನಿ ಕಿವಿಗೆ ಬರಲಿಲ್ಲ. "ಮರ್ತೀನಿ ಮಗಾ," ಎಂದಷ್ಟೇ ಹೇಳಿ ಅತ್ತುಬಿಟ್ಟೆ.