ಜುಲೈಯಲ್ಲಿ ನೆಟ್ಟ ಹಿಪ್ಪುನೇರಳೆ

ಮರ್ಗಿಲಾನ್ ಊರಿನ ಸಿನಿಮಾ ಮಂದಿರದ ಬಾಗಿಲಲ್ಲಿ ಸನೋಬರ್ ಹತ್ತೊಂಬತ್ತು ವರ್ಷ ಟಿಕೆಟ್ ಹರಿದವಳು. ಊರಿಗೆಲ್ಲ ಅವಳು ಓಪಾ, ಎಂದರೆ ಅಕ್ಕ. ಹಿಂದೂಸ್ತಾನದ ಚಿತ್ರ ಬಂದ ವಾರ ಹೆಂಗಸರನ್ನು ಒಳಗೆ ಬಿಡುವಾಗ ಟಿಕೆಟ್ಟಿನ ಜೊತೆ ಕರವಸ್ತ್ರ ತಂದಿದ್ದಾರೆಯೇ ಎಂದೂ ವಿಚಾರಿಸುತ್ತಿದ್ದಳು. ಒಂದೊಂದು ಚಿತ್ರವನ್ನೂ ನಲವತ್ತು ಸಲ ನೋಡಿದ್ದಳು. ಆದರೆ ಬಾಗಿಲ ಸಂದಿಯಿಂದ. ಹಾಗಾಗಿ ಎಲ್ಲ ನಾಯಕರ ಎಡಗೆನ್ನೆಯೂ ಅವಳಿಗೆ ಚೆನ್ನಾಗಿ ಪರಿಚಯ. ಈ ಅರ್ಧದರ್ಶನದಿಂದ ಅವಳು ಕಲಿತದ್ದು ಒಂದೇ: ತೆರೆಯ ಮೇಲೆ ಬರುವ ಯಾವ ಕಾಗದವೂ ತನ್ನಲ್ಲಿ ಬರೆದಷ್ಟನ್ನೇ ಹೇಳುವುದಿಲ್ಲ.

ಎಂಬತ್ತಮೂರರ ವಸಂತದಲ್ಲಿ ಅವಳ ಒಬ್ಬನೇ ಮಗ ಇಲ್ಹೋಮ್‌ನನ್ನು ಸೈನ್ಯಕ್ಕೆ ಕರೆದರು. ಹೊರಡುವ ಬೆಳಿಗ್ಗೆ ಅವನು ಹೊಸ್ತಿಲಲ್ಲಿ ನಿಂತು ಬಿಸಿ ರೊಟ್ಟಿಯ ಅಂಚನ್ನು ಒಂದು ಬಾರಿ ಕಚ್ಚಿದ. ಉಳಿದದ್ದನ್ನು ಅವಳು ಗೋಡೆಯ ಮೊಳೆಗೆ ತೂಗುಹಾಕಿದಳು. ಊರಿನ ವಾಡಿಕೆ ಅದು, ಕಚ್ಚಿದವನೇ ತಿರುಗಿ ಬಂದು ಅದನ್ನು ಮುಗಿಸಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಎರಡು ತಿಂಗಳಿಗೆ ಅವನನ್ನು ಅಮು ನದಿಯಾಚೆ ಅಫ್ಘಾನಿಸ್ತಾನಕ್ಕೆ ದಾಟಿಸಿದರು.

ಗುರುವಾರ ಬೆಳಿಗ್ಗೆ ಸಿನಿಮಾ ಮಂದಿರದ ಸಿಬ್ಬಂದಿಗೆ ಗಟ್ಟಿಯಾಗಿ ಪತ್ರಿಕೆ ಓದಿ ಹೇಳುವ ಕೆಲಸವೂ ಸನೋಬರಳದ್ದೇ. ನಮ್ಮ ಹುಡುಗರು ಅಲ್ಲಿ ಶಾಲೆ ಕಟ್ಟುತ್ತಿದ್ದಾರೆ, ಸಸಿ ನೆಡುತ್ತಿದ್ದಾರೆ ಎಂದು ಅವಳು ಓದುತ್ತಿದ್ದಳು.

"ತುರ್ಗುನ್ ಅಣ್ಣ, ನಿಮ್ಮ ಯಂತ್ರದಲ್ಲಿ ಮೂರು ಗಂಟೇಲಿ ಏಳು ಜನ ಸಾಯ್ತಾರೆ," ಎಂದಳು ಒಂದು ದಿನ, ಚಿತ್ರ ಓಡಿಸುವ ತುರ್ಗುನನಿಗೆ. "ಈ ಯುದ್ಧದಲ್ಲಿ ಮೂರು ವರ್ಷದಿಂದ ಒಬ್ಬರೂ ಸತ್ತಿಲ್ಲ ನೋಡಿ."

"ಓದಕ್ಕೆ ಕೊಟ್ಟಿದ್ದನ್ನ ಓದು ಓಪಾ. ಸಿನಿಮಾ ನೋಡಿ ನೋಡಿ ನಿನ್ನ ತಲೆ ಕೆಟ್ಟಿದೆ ಅಂತ ಕೇರಿಯವರು ಸುಮ್ನೆ ಅನ್ನಲ್ಲ."

"ಅರ್ಧ ನೋಡಿದ್ದೀನಿ. ಕೆಟ್ಟಿದ್ರೂ ಅರ್ಧ ತಲೆ."

ಆದರೂ ಅವಳಿಗೆ ತಿಳಿಯಲೇಬೇಕಿತ್ತು: ಮಗನ ಕೈಯಲ್ಲಿರುವುದು ಗುದ್ದಲಿಯೋ ಬಂದೂಕೋ? ನೇರವಾಗಿ ಕೇಳುವಂತಿರಲಿಲ್ಲ, ಕಾಗದಗಳನ್ನು ದಾರಿಯಲ್ಲೇ ಒಡೆದು ಓದುತ್ತಿದ್ದರು. ರೇಷ್ಮೆಹುಳುಗಳಿಗೆ ಮನೆಮನೆಯಲ್ಲೂ ಪತ್ರ ಹಾಕುವ ಊರದು. ಅವಳಿಗೆ ಪತ್ರ ಹಾಕುವವನು ಮಾತ್ರ ಮಗನೊಬ್ಬನೇ. ಅವಳು ಯೋಚಿಸಿ ಬರೆದಳು: "ನೀವು ಸಸಿ ನೆಡ್ತೀರಂತೆ. ಯಾವ ಸಸಿ, ಯಾವಾಗ ನೆಟ್ಟಿರಿ, ಬರಿ."

ಉತ್ತರ ಶರತ್ಕಾಲದಲ್ಲಿ ಬಂತು. "ಕ್ಷೇಮ. ಹಿಪ್ಪುನೇರಳೆ. ಜುಲೈ ಹದಿನೈದಕ್ಕೆ ನೆಟ್ಟೆವು."

ಜುಲೈ ಹದಿನೈದೆಂದರೆ ಚಿಲ್ಲಾದ ನಡುಮಧ್ಯ. ನೆಲದ ಮೇಲೆ ಮೊಟ್ಟೆ ಬೇಯುವ ನಲವತ್ತು ದಿನ. ಹಿಪ್ಪುನೇರಳೆಯನ್ನು ಮಾರ್ಚಿನಲ್ಲಿ ನೆಡಬೇಕು, ತಪ್ಪಿದರೆ ಎಲೆ ಉದುರಿದ ಮೇಲೆ. ಇದು ಮರ್ಗಿಲಾನಿನ ತೊಟ್ಟಿಲ ಕೂಸಿಗೂ ಗೊತ್ತು. ಮಗ ಸುಳ್ಳು ಬರೆದಿದ್ದಾನೆ, ಸುಳ್ಳೆಂದು ಅಮ್ಮನೊಬ್ಬಳಿಗೇ ಹೊಳೆಯುವಂತೆ ಬರೆದಿದ್ದಾನೆ. ಹಾಗಾದರೆ ಬಂದೂಕೇ.

ಅವಳು ಕಾಗದವನ್ನು ತುರ್ಗುನನಿಗೆ ತೋರಿಸಿದಳು. ಹಿತ್ತಲಲ್ಲಿ ಮೂವತ್ತು ಹಿಪ್ಪುನೇರಳೆ ಮರ ಇಟ್ಟುಕೊಂಡವನು ಎರಡು ಸಲ ಓದಿ ಹಿಂದಕ್ಕೆ ಕೊಟ್ಟ. "ಹುಡುಗ ಬುದ್ಧಿವಂತ," ಎಂದಷ್ಟೇ ಹೇಳಿದ. ಮುಂದಿನ ಗುರುವಾರ ಪತ್ರಿಕೆಯನ್ನು ತಾನೇ ಇಸಿದುಕೊಂಡು, ಹತ್ತಿ ಬೆಳೆಯ ಸುದ್ದಿಯನ್ನು ಮಾತ್ರ ಓದಿ ಮಡಚಿಟ್ಟ. ಚಳಿಗಾಲ ಮುಗಿಯುವುದರೊಳಗೆ ಕೇರಿಯ ಇನ್ನಿಬ್ಬರು ತಾಯಂದಿರು ಟಿಕೆಟ್ ಬೇಡವಾಗಿದ್ದರೂ ಬಾಗಿಲಿಗೆ ಬಂದು, ದನಿ ತಗ್ಗಿಸಿ ಕೇಳಿದರು: "ಓಪಾ, ಸಸಿ ವಿಷಯ ಹೇಗೆ ಬರೆದ್ರಿ? ನಮಗೂ ಬರೆದುಕೊಡಿ."

ಸನೋಬರ್ ಆಮೇಲೆ ಸಿನಿಮಾದಲ್ಲಿ ಅಳುವುದನ್ನು ಬಿಟ್ಟಳು. ಬಾಗಿಲು ಮುಚ್ಚಿ, ಆಚೆ ನಿಂತು, ಎಲ್ಲರೂ ಅಳುವ ಜಾಗ ಬಂದಾಗ ಒಳಗಿನ ಸದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ರೊಟ್ಟಿಯ ಧೂಳನ್ನು ಬಾಯಿಂದ ಊದುವಳು, ಕೈ ತಾಗಿಸುವುದಿಲ್ಲ.

ಎಂಬತ್ತೈದರ ಮೇ ತಿಂಗಳಲ್ಲಿ ಇಲ್ಹೋಮ್ ಬಂದ. ತೆಳ್ಳಗಾಗಿದ್ದ, ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅವಳು ರೊಟ್ಟಿ ಇಳಿಸಿ, ಮುರಿದು, ಹಸಿರು ಚಹಾದ ಬಟ್ಟಲಿಗೆ ಹಾಕಿದಳು. ಆಮೇಲೆ ಅವನ ಬಲಕ್ಕೆ ಬಂದು ಕೂತಳು.

"ನಿನ್ನ ಕಾಗದ ನನಗೆ ಅರ್ಥವಾಯ್ತಪ್ಪ. ಜುಲೈ ಅಂತ ಬರೆದೆಯಲ್ಲ, ಆವಾಗ್ಲೇ. ಸಸಿ ಗಿಸಿ ಏನೂ ನೆಟ್ಟಿಲ್ಲ ಅಂತ."

ಇಲ್ಹೋಮ್ ತಲೆಯೆತ್ತಿದ. "ನೆಟ್ಟಿದ್ವಿ ಅಮ್ಮ."

"ಚಿಲ್ಲಾದಲ್ಲಿ?"

"ಜುಲೈ ಹದಿನೈದಕ್ಕೇನೇ. ಪತ್ರಿಕೆಯವರು ಫೋಟೋ ತೆಗೀಲಿಕ್ಕೆ ಬಂದಿದ್ರು. ಇದು ಬದುಕಲ್ಲ ಅಂದೆ. ಫೋಟೋದಲ್ಲಿ ಬದುಕಿದ್ರೆ ಸಾಕು ಅಂದ್ರು."

"ನೀರಾದ್ರೂ ಹಾಕಿದ್ರಾ?"

"ನೀರಿನ ಲಾರಿ ಅವರ ಜೊತೇನೇ ಹೋಯ್ತು."

ಸನೋಬರ್‌ಗೆ ನಗು ಬಂತು. ಪತ್ರಿಕೆ ಬರೆದದ್ದು ನಿಜ, ಮಗ ಬರೆದದ್ದೂ ನಿಜ. ಸಿನಿಮಾದವಳು ಮಾತ್ರ ಅದರಲ್ಲಿ ಗುಟ್ಟು ಹುಡುಕಿ, ಎರಡು ಮನೆಗೂ ಹಂಚಿದ್ದಳು. ನಗುತ್ತಲೇ ಕೇಳಿದಳು:

"ಸರಿ, ಅದೊಂದು ದಿನ. ಮಿಕ್ಕ ದಿನ?"

ಇಲ್ಹೋಮ್ ರೊಟ್ಟಿಯ ಚೂರನ್ನು ಬೆರಳಿನಿಂದ ಚಹಾದೊಳಕ್ಕೆ ಅದುಮಿದ. ಅದು ಮೇಲೆದ್ದಿತು. ಮತ್ತೆ ಅದುಮಿದ.

"ಇನ್ನೂ ಗಟ್ಟಿಯಿದೆ," ಎಂದ.

"ನೆನೀಲಿ ಬಿಡು," ಎಂದು ಸನೋಬರ್ ಅವನ ಬಟ್ಟಲಿಗೆ ಇನ್ನಷ್ಟು ಬಿಸಿ ಚಹಾ ಸುರಿದಳು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.